ಎಂಟನೆಯ ಅಂಶ

ಫೆಬ್ರವರಿ ೩

ಚಿ. ಮಗಳಿಗೆ,

ವಿಷಯ: ದೇಹಸ್ಥಿತಿಯ ವಿವರ ತಿಳಿಸುವ ಬಗ್ಗೆ.
ಉಲ್ಲೇಖ: ಇಲ್ಲ. (ಕಳೆದ ಆರು ವರ್ಷಗಳಲ್ಲಿ ನಮ್ಮಿಬ್ಬರ ನಡುವೆ ಪತ್ರವ್ಯವಹಾರ ನಡೆದಿರುವುದಿಲ್ಲ.)

೧. ಕೆಳಗೆ ಸಹಿ ಮಾಡಿರುವವನು ಅರವತ್ತೊಂಬತ್ತು ವರ್ಷ ವಯಸ್ಸಿನವನಾಗಿದ್ದು, ನಲವತ್ತೊಂದು ವರ್ಷಗಳಿಂದ ಭೂದಾಖಲೆ ಕಚೇರಿಯ ಪಡಸಾಲೆಯಲ್ಲಿ ಅರ್ಜಿ ಬರೆಯುವ ವೃತ್ತಿಯಲ್ಲಿರುತ್ತಾನೆ.

೨. ಕಳೆದ ಒಂದು ವರ್ಷದಿಂದ ಸದರಿಯವನ ಹೊಟ್ಟೆಯ ಸುತ್ತಳತೆ ಹೆಚ್ಚುತ್ತ ಬಂದಿದ್ದು, ಕೈ, ಕಾಲು, ಕುತ್ತಿಗೆಗಳು ತೆಳುವಾಗುತ್ತ ಬಂದಿರುತ್ತವೆ. ಸೊಂಟದ ಬೆಲ್ಟಿಗೆ ಎರಡು ಹೊಸ ತೂತು ಹೊಡೆಸಲಾಗಿದೆ.

೩. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾಗುತ್ತದೆ. ಬಗ್ಗಿ ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲಾಗುವುದಿಲ್ಲ. ನೋವು ಇರುವುದಿಲ್ಲ.

೪. ಹೊಕ್ಕುಳ ಉಬ್ಬಿದ್ದರಿಂದ ಹರ್ನಿಯಾ ಎಂದು ತಿಳಿದು ಡಿಸೆಂಬರಿನಲ್ಲಿ ಸಣ್ಣ ಶಸ್ತ್ರಕ್ರಿಯೆಗೆ ಕೊಯ್ದಾಗ, ಒಳಗೆ ಕಂಡುಬಂದದ್ದು ಲೋಳೆ. ನಮ್ಮ ಮೇಜಿನ ಮೇಲಿನ ಅಂಟಿನ ಸೀಸೆಯಲ್ಲಿ ತಳಕ್ಕೆ ನಿಲ್ಲುತ್ತದಲ್ಲ, ಅಂಥದ್ದು. ವೈದ್ಯರು ಅಷ್ಟಕ್ಕೇ ನಿಲ್ಲಿಸಿ, ಒಂದು ತುಣುಕನ್ನು ಪರೀಕ್ಷೆಗೆ ಕಳುಹಿಸಿ, ಹೊಲಿದರು.

೫. ಇದು ಅಪೆಂಡಿಕ್ಸ್ ಎಂಬ ಕರುಳಿನ ಬಾಲದಲ್ಲಿ ಹುಟ್ಟಿ, ಅದನ್ನು ಒಡೆದು, ಹೊಟ್ಟೆಯ ಒಳಪೊರೆಯ ಮೇಲೆಲ್ಲ ಹರಡಿ, ಕೂತಲ್ಲೆಲ್ಲ ಲೋಳೆ ಸುರಿಸುವ ಒಂದು ಬಗೆಯ ಕ್ಯಾನ್ಸರ್. ಹತ್ತು ಲಕ್ಷ ಜನರಲ್ಲಿ ವರ್ಷಕ್ಕೆ ಇಬ್ಬರಿಗೋ ಮೂವರಿಗೋ ಬರುತ್ತದಂತೆ. ನಮ್ಮ ವಂಶದಲ್ಲಿ ಈ ಹಿಂದೆ ಯಾರೂ ಯಾವ ವಿಷಯದಲ್ಲೂ ಇಷ್ಟು ವಿರಳವಾದ ಸ್ಥಾನ ಪಡೆದ ದಾಖಲೆ ಇರುವುದಿಲ್ಲ.

೬. ನೀನು ಹನ್ನೆರಡು ವರ್ಷಗಳಿಂದ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಂಥ ತುಣುಕುಗಳನ್ನು ಮೇಣದಲ್ಲಿ ಕೂರಿಸಿ, ಸೀಳಿ, ಗಾಜಿನ ಮೇಲೆ ಬಣ್ಣ ಹಾಕುವ ಕೆಲಸದಲ್ಲಿರುವುದರಿಂದ, ತಿಳಿದಿರಲಿ ಎಂದು ಆಸ್ಪತ್ರೆಯ ವರದಿಯನ್ನು ಕೈಬರಹದಲ್ಲಿ ನಕಲು ಮಾಡಿ ಲಗತ್ತಿಸಿದೆ.

ಇದು ಅರ್ಜಿಯಲ್ಲ. ಆದಕಾರಣ ಕೋರಿಕೆಯ ಭಾಗ ಇರುವುದಿಲ್ಲ.

ಇಂತಿ,
ನಿನ್ನ ತಂದೆ

ಅಡಕ: ವರದಿಯ ನಕಲು, ಎರಡು ಹಾಳೆ. ಮೂಲದೊಂದಿಗೆ ತಾಳೆ ನೋಡಲಾಗಿದೆ.


ಫೆಬ್ರವರಿ ೧೯

ಅಪ್ಪ,

ಪತ್ರ ತಲುಪಿತು. ಲಕೋಟೆಯ ಮೇಲಿನ ಅಕ್ಷರ ನೋಡಿ ಒಂದು ದಿನ ಒಡೆಯಲಿಲ್ಲ. ಹಿಂದಿನ ಸಲ ಈ ಅಕ್ಷರದ ಲಕೋಟೆ ಬಂದಾಗ ಏನಾಯಿತೆಂದು ನಿಮಗೆ ಗೊತ್ತಿದೆ.

ಈ ರೋಗದ ತುಣುಕುಗಳು ಹನ್ನೆರಡು ವರ್ಷದಲ್ಲಿ ಮೂರು ಸಲ ನನ್ನ ಕೈಗೆ ಬಂದಿವೆ. ಸೀಳುವುದು ಕಷ್ಟ. ಲೋಳೆ ಬ್ಲೇಡಿಗೆ ನಿಲ್ಲುವುದಿಲ್ಲ. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟರೆ ಬಿಚ್ಚಿಕೊಂಡು ಹೋಗುತ್ತದೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತೆಳುನೀಲಿ ಕೆರೆ. ಅದರ ಅಂಚಿನಲ್ಲಿ ಅಲ್ಲೊಂದು ಇಲ್ಲೊಂದು ಸಾಲು ಜೀವಕಣಗಳು, ದಡದಲ್ಲಿ ಕೂತ ಹಕ್ಕಿಗಳ ಹಾಗೆ. ಮೊದಲ ಸಲ ನೋಡಿದಾಗ ಚೆನ್ನಾಗಿದೆ ಅನ್ನಿಸಿತ್ತು. ಯಾರ ಹೊಟ್ಟೆಯೋ ಏನೋ ಅಂತ ಯೋಚಿಸಿರಲಿಲ್ಲ. ನಮಗೆ ಹೆಸರು ಬರುವುದಿಲ್ಲ, ನಂಬರು ಮಾತ್ರ.

ನಿಮ್ಮ ನಕಲಿನ ಪ್ರಕಾರ ಕಣಗಳು ಸೌಮ್ಯ ದರ್ಜೆಯವು. ಇರುವುದರಲ್ಲಿ ಇದು ಒಳ್ಳೆಯ ಸುದ್ದಿ. ನಿಧಾನವಾಗಿ ಬೆಳೆಯುತ್ತವೆ, ರಕ್ತದಲ್ಲಿ ದೂರ ಹೋಗುವುದು ಅಪರೂಪ, ಹೊಟ್ಟೆಯಲ್ಲೇ ಇರುತ್ತವೆ. ಆದರೆ ಹೊಟ್ಟೆಯೇನು ಸಣ್ಣ ಜಾಗವಲ್ಲ.

ಫೋನು ಮಾಡೋಣ ಅಂದರೆ ನೀವು ಇಟ್ಟುಕೊಂಡಿಲ್ಲ. ನಿಮ್ಮ ಪಡಸಾಲೆಯ ಟೈಪಿಸ್ಟ್ ಮಾಮನ ಫೋನಿಗೆ ಮಾಡಿದರೆ, "ಬಾಯಲ್ಲಿ ಹೇಳಿದ್ದು ದಾಖಲೆ ಆಗಲ್ಲವಂತೆ ಕಣಮ್ಮ, ಬರೆದು ಕಳಿಸು ಅಂತಾರೆ" ಅಂದರು. ಬರೆದಿದ್ದೇನೆ.

ಒಂದು ಪ್ರಶ್ನೆ. ವರದಿಯಲ್ಲಿ ಒಂಬತ್ತನೆಯ ಅಂಶ ಆದ ಮೇಲೆ ಹನ್ನೊಂದನೆಯದು ಬಂದಿದೆ. ಹತ್ತು ಎಲ್ಲಿ?

ಮಗಳು


ಮಾರ್ಚ್ ೮

ಚಿ. ಮಗಳಿಗೆ,

ನಿನ್ನ ಪ್ರಶ್ನೆಯನ್ನು ಗಮನಿಸಲಾಗಿದೆ.

ನಮ್ಮ ವೃತ್ತಿಯಲ್ಲಿ ಒಂದು ಕಟ್ಟಳೆಯುಂಟು. ಬರೆಸುವವನಿಗೆ ಪ್ರತಿಕೂಲವಾದ ಅಂಶವನ್ನು, ಎದುರಿನವರು ಕೇಳುವವರೆಗೆ ಬರೆಯದಿರಬಹುದು. ಆದರೆ ಸಂಖ್ಯೆಯನ್ನು ತಿದ್ದಬಾರದು. ಅಂಶ ಬಿಟ್ಟವನು ಜಾಣ, ಸಂಖ್ಯೆ ತಿದ್ದಿದವನು ಕಳ್ಳ. ತಾಳೆ ನೋಡಲಾಗಿದೆ ಎಂದು ಬರೆದಿದ್ದೇನೆಯೇ ಹೊರತು ಪೂರ್ಣವಾಗಿದೆ ಎಂದು ಬರೆದಿಲ್ಲ. ಎಂಟು ವರ್ಷದವಳಿದ್ದಾಗ ನೀನು ಮೂಲವನ್ನು ಗಟ್ಟಿಯಾಗಿ ಓದುತ್ತಿದ್ದೆ. ನಾನು ನಕಲಿನ ಮೇಲೆ ಬೆರಳಾಡಿಸುತ್ತಿದ್ದೆ. ಎಲ್ಲಾದರೂ ಒಂದು ಅಂಕಿ ಹಾರಿದರೆ ನೀನು ಓದುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದೆ. ಆ ಅಭ್ಯಾಸ ಹೋಗಿಲ್ಲವೆಂದು ತಿಳಿದು ಸಮಾಧಾನವಾಯಿತು.

ಹತ್ತನೆಯ ಅಂಶದ ಬಗ್ಗೆ ಮುಂದೆ ತಿಳಿಸಲಾಗುವುದು.

ಸದ್ಯಕ್ಕೆ ಇತರ ವಿವರ. ಶಸ್ತ್ರವೈದ್ಯೆ ನಿನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಅವಳ ಕೋಣೆಯಲ್ಲಿ ಎರಡು ಕುರ್ಚಿ, ಒಂದು ಮಲಗುವ ಮೇಜು, ಗೋಡೆಯ ಮೇಲೆ ಕರುಳಿನ ಚಿತ್ರ. ನಾನು ಒಬ್ಬನೇ ಹೋದದ್ದರಿಂದ ಇನ್ನೊಂದು ಕುರ್ಚಿಯಲ್ಲಿ ನನ್ನ ಚೀಲ ಕೂತಿತ್ತು.

"ಹೊಟ್ಟೆ ಪೂರ್ತಿ ತೆರೀತೀವಿ," ಎಂದಳು. "ಕಾಣೋ ಲೋಳೇನೆಲ್ಲ, ಅದು ಕೂತಿರೋ ಪೊರೆ ಸಮೇತ ತೆಗೀತೀವಿ. ಆಮೇಲೆ ಬಿಸಿ ಮಾಡಿದ ಔಷಧಾನ ಒಂದೂವರೆ ಗಂಟೆ ಹೊಟ್ಟೆ ಒಳಗೇ ಹರಿಸ್ತೀವಿ. ಎಲ್ಲಾ ಸೇರಿ ಎಂಟು ಹತ್ತು ಗಂಟೆ."

"ಪಾತ್ರೆ ತೊಳೆದ ಹಾಗೆ," ಎಂದೆ.

"ತಳ ಹಿಡಿದ ಪಾತ್ರೆ ಅಂತ ಇಟ್ಕೊಳ್ಳಿ. ತೊಳೆಯೋದು ಸುಲಭ. ಕೆರೆಯೋದೇ ಕೆಲಸ."

ಫಲಿತಾಂಶವೇನೆಂದು ಕೇಳಿದೆ. ಅವಳು ಮುಚ್ಚಿಡಲಿಲ್ಲ. ನೂರರಲ್ಲಿ ಇಬ್ಬರು ಮೂವರು ಶಸ್ತ್ರಕ್ರಿಯೆಯಲ್ಲೋ ಅದರ ಬೆನ್ನಲ್ಲೋ ಉಳಿಯುವುದಿಲ್ಲ. ನಾಲ್ವರಲ್ಲಿ ಒಬ್ಬರಿಗೆ ಕರುಳು ಸೋರುವುದು, ಸೋಂಕು ಮುಂತಾದ ದೊಡ್ಡ ತೊಂದರೆ ಬರುತ್ತದೆ. ಏನೂ ಉಳಿಯದಂತೆ ತೆಗೆಯಲು ಸಾಧ್ಯವಾದರೆ, ನನ್ನಂಥ ಸೌಮ್ಯ ದರ್ಜೆಯವರಲ್ಲಿ ಹತ್ತಕ್ಕೆ ಆರೇಳು ಜನ ಹತ್ತು ವರ್ಷ ದಾಟುತ್ತಾರೆ. ಉಳಿದರೆ ಮತ್ತೆ ತುಂಬಿಕೊಳ್ಳುತ್ತದೆ.

"ಕರಾರುವಾಕ್ಕಾಗಿ ಹೇಳಿ. ಆರೋ, ಏಳೋ?"

"ಯಜಮಾನ್ರೇ, ಆ ಏಳನೆಯವರು ನೀವೇ ಆಗಬಹುದು. ಅದಕ್ಕೇ ಅಲ್ಲಿ ಜಾಗ ಬಿಟ್ಟಿರೋದು."

ಉತ್ತರ ಕೊಡುವುದರಲ್ಲಿ ಗಟ್ಟಿಗಿತ್ತಿ. ಇವತ್ತಿನ ಅಳತೆಗೆ ಪೂರ್ತಿ ತೆಗೆಯಬಹುದೆಂದೂ, ವರ್ಷ ಬಿಟ್ಟು ಹೋದರೆ ಆ ಮಾತನ್ನು ತಾನು ಹೇಳಲಾರೆನೆಂದೂ ತಿಳಿಸಿದಳು.

ಪಕ್ಕದ ಮೇಜಿನ ಟೈಪಿಸ್ಟ್, ಕಾಯಿಲೆಯ ಹೆಸರು ತಿಳಿಯುವ ಮೊದಲು ದಿನಾ ಬೆಳಿಗ್ಗೆ "ಏನ್ ಯಜಮಾನ್ರೇ, ಈಗ ಎಷ್ಟನೇ ತಿಂಗಳು?" ಎಂದು ಕೇಳಿ ಪಡಸಾಲೆಯನ್ನೆಲ್ಲ ನಗಿಸುತ್ತಿದ್ದ. ತಿಳಿದ ಮೇಲೆ ನಿಲ್ಲಿಸಿದ್ದಾನೆ. ಫ್ಯಾನಿನ ಕೆಳಗಿನ ತನ್ನ ಜಾಗವನ್ನೂ ನನಗೆ ಬಿಟ್ಟುಕೊಟ್ಟಿದ್ದಾನೆ. ಇದು ನನಗೆ ಸರಿಬಂದಿಲ್ಲ.

ಇಂತಿ,
ನಿನ್ನ ತಂದೆ


ಏಪ್ರಿಲ್ ೨

ಅಪ್ಪ,

ನಿಮ್ಮ ಇನ್ನೊಂದು ಪತ್ರವನ್ನು ಇವತ್ತು ತೆಗೆದು ಓದಿದೆ. ಆರು ವರ್ಷ ಹಿಂದಿನದು. ಅಮ್ಮನ ಫೋನು ರಿಪೇರಿಗೆ ಹೋಗಿದ್ದ ವಾರ ಬರೆದದ್ದು. ಅದರಲ್ಲಿ ಏಳು ಅಂಶಗಳಿವೆ. ಒಂದು, ನಿನ್ನ ತಾಯಿಗೆ ಜ್ವರ. ಎರಡು, ಕೆಮ್ಮು ಇದೆ. ಮೂರು, ವೈದ್ಯರು ಬಂದು ಶ್ವಾಸಕೋಶದಲ್ಲಿ ನೀರಿದೆ ಎಂದು ತಿಳಿಸಿರುತ್ತಾರೆ. ಹೀಗೆ ಹೋಗಿ, ಏಳನೆಯದು: ಹಾಲಿನವನಿಗೆ ನಾಳೆಯಿಂದ ಅರ್ಧ ಲೀಟರ್ ಸಾಕೆಂದು ಹೇಳಲಾಗಿದೆ. ಅಷ್ಟೇ. ಇಂತಿ ನಿನ್ನ ತಂದೆ.

ಪ್ರಯೋಗಾಲಯದಲ್ಲಿ ಆ ವಾರ ತಪಾಸಣೆ ಇತ್ತು. ಹಾಲಿನ ಲೆಕ್ಕ ಬರೆಯುವಷ್ಟು ವ್ಯವಧಾನ ಇದೆಯೆಂದರೆ ಗಾಬರಿಯೇನಿಲ್ಲ, ಮುಂದಿನ ಶನಿವಾರ ಹೋದರಾಯಿತು ಅಂದುಕೊಂಡೆ. ಪತ್ರ ಬಂದ ಮಾರನೆಯ ದಿನ ಟೈಪಿಸ್ಟ್ ಮಾಮನ ಫೋನು ಬಂತು. ನಾನು ಬಂದಾಗ ಎಲ್ಲ ಮುಗಿದಿತ್ತು. ನೀವು ಬಾಗಿಲಲ್ಲೇ ನಿಂತಿದ್ದಿರಿ.

"ಹೆತ್ತವಳು ಮಲಗಿದ್ದಾಳೆ ಅಂತ ಬರೆದ ಮೇಲೆ, ಬಾ ಅಂತ ಬೇರೆ ಬರೀಬೇಕಾ?" ಅಂದಿರಿ.

"ಕೋರಿಕೆ ಇಲ್ಲದ ಅರ್ಜಿ ಅರ್ಜೀನೇ ಅಲ್ಲ ಅಂತ ಊರಿಗೆಲ್ಲ ಹೇಳೋರು ನೀವೇ ಅಲ್ವಾ?" ಅಂದೆ.

ಅಷ್ಟೇ ಮಾತು. ಆರು ವರ್ಷಕ್ಕೆ ಅಷ್ಟೇ ಸಾಕಾಯಿತು. ಅಮ್ಮ ನನ್ನನ್ನು ಕೇಳಲೇ ಇಲ್ಲವೇನೋ, ನಾನು ಬೇಕು ಅಂತ ಅವಳಿಗೆ ಅನ್ನಿಸಲೇ ಇಲ್ಲವೇನೋ ಅನ್ನುವುದು ನನಗೆ ಉಳಿದುಬಿಟ್ಟಿದೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಈಗ ಹತ್ತನೆಯ ಅಂಶ. ನಾನು ದಿನಾ ವರದಿಗಳ ನಡುವೆ ಇರುವವಳು. ಚಿಕಿತ್ಸೆಯ ವಿವರ ಆದ ಮೇಲೆ, ಮುಂದಿನ ಭೇಟಿಯ ದಿನಾಂಕಕ್ಕೆ ಮೊದಲು, ಆ ಜಾಗದಲ್ಲಿ ಬರುವುದು ಸಾಮಾನ್ಯವಾಗಿ ಒಂದೇ ಸಾಲು. "ಶಸ್ತ್ರಕ್ರಿಯೆ ಸೂಚಿಸಲಾಯಿತು; ರೋಗಿ ನಿರಾಕರಿಸಿದರು." ಅಲ್ಲವೆಂದು ಬರೆಯಿರಿ ನೋಡೋಣ.

ನನ್ನ ಮೂರು ನಂಬರುಗಳು ಏನಾದವೆಂದು ಹಳೆಯ ರಿಜಿಸ್ಟರು ತೆಗೆದು ನೋಡಿದೆ. ಮೊದಲನೆಯದಕ್ಕೆ ಒಂಬತ್ತು ವರ್ಷ. ಶಸ್ತ್ರಕ್ರಿಯೆಯಾಗಿದೆ, ಪ್ರತಿ ವರ್ಷ ತಪಾಸಣೆಗೆ ಬಂದ ಗುರುತು ಇದೆ, ಕಳೆದ ತಿಂಗಳಿನದೂ ಸೇರಿ. ಎರಡನೆಯದು ನಾಲ್ಕು ವರ್ಷಕ್ಕೆ ಮರುಕಳಿಸಿತು, ಮತ್ತೆ ಕೊಯ್ದರು, ಆ ತುಣುಕಿಗೂ ನಾನೇ ಬಣ್ಣ ಹಾಕಿದ್ದೆನಂತೆ, ನೆನಪಿಲ್ಲ. ಮೂರನೆಯವರು ಬೇಡ ಅಂದರು. ಆ ನಂಬರಿನ ಮುಂದೆ ಮತ್ತೇನೂ ಬರೆದಿಲ್ಲ.

ನಾನು ನಾಳೆಯೇ ಹೊರಟು ಬರಬಹುದು. ಬರುವುದಿಲ್ಲ. ನೀವು ಹೇಳದೆ ಇದ್ದದ್ದನ್ನು ನಾನು ಊಹಿಸಲಿಲ್ಲವೆಂದು ಒಮ್ಮೆ ತಪ್ಪಿತಸ್ಥಳಾಗಿದ್ದೇನೆ. ಈ ಸಲ ಊಹಿಸುವುದಿಲ್ಲ. ಏನು ಬೇಕೋ ಬರೆಯಿರಿ.

ಮಗಳು


ಏಪ್ರಿಲ್ ೧೫

ಚಿ. ಮಗಳಿಗೆ,

ನಿನ್ನ ದಿನಾಂಕ ೨ರ ಪತ್ರ ತಲುಪಿದೆ. ವಿಷಯ ಪರಿಶೀಲನೆಯಲ್ಲಿದೆ.

ಇಂತಿ,
ನಿನ್ನ ತಂದೆ


ಜೂನ್ ೧೦

ಅಪ್ಪ,

ಪರಿಶೀಲನೆ ಮುಗಿಯಿತೆ? ಎಂಟು ವಾರವಾಯಿತು.

ಬೆಲ್ಟಿಗೆ ಈಗ ಎಷ್ಟು ತೂತು? ಅದನ್ನಾದರೂ ತಿಳಿಸಿ.

ಮಗಳು


ಜೂನ್ ೨೪

ಚಿ. ಮಗಳಿಗೆ,

ಬೆಲ್ಟನ್ನು ಬಿಟ್ಟಿದ್ದೇನೆ. ಲಾಡಿ ಕಟ್ಟುವ ಪಾಯಿಜಾಮ ಹಾಕಿಕೊಂಡು ಕಚೇರಿಗೆ ಹೋಗುತ್ತಿದ್ದೇನೆ.

ಕಳೆದ ಸೋಮವಾರ ಕೈಯಿಂದ ಪೆನ್ನು ಜಾರಿ ಮೇಜಿನ ಕೆಳಗೆ ಬಿತ್ತು. ಬಗ್ಗಲಾಗಲಿಲ್ಲ. ಎತ್ತಿಕೊಡಿ ಎಂದು ಕೇಳಲೂ ಇಲ್ಲ. ಚೀಲದಿಂದ ಇನ್ನೊಂದು ತೆಗೆದು ಬರೆದೆ. ಸ್ವಲ್ಪ ಹೊತ್ತಿಗೆ ಅದೂ ಬಿತ್ತು. ಟೈಪಿಸ್ಟ್ ನೋಡುತ್ತಲೇ ಇದ್ದ. "ಯಜಮಾನ್ರೇ, ಚೀಲದಲ್ಲಿ ಇನ್ನೂ ಎಷ್ಟಿದೆ ಹೇಳಿ. ಎಲ್ಲಾ ಬಿದ್ದ ಮೇಲೆ ಒಟ್ಟಿಗೇ ಎತ್ತಿಕೊಡ್ತೀನಿ," ಎಂದ. ಪಡಸಾಲೆ ನಕ್ಕಿತು. ನಾನೂ ನಕ್ಕೆ, ಹೊಲಿಗೆ ಹಾಕಿದ ಜಾಗ ಎಳೆಯಿತು.

ಆ ಮಧ್ಯಾಹ್ನವೇ ಶಸ್ತ್ರವೈದ್ಯೆಯ ಬಳಿ ಹೋದೆ. ಅವಳು ಮತ್ತೆ ಹೊಟ್ಟೆಯ ಸ್ಕ್ಯಾನ್ ತೆಗೆಸಿ ನೋಡಿದಳು. ಪೂರ್ತಿ ತೆಗೆಯಬಹುದೆಂದು ಈಗಲೂ ನಂಬುತ್ತಾಳೆ, ಆದರೆ ಜನವರಿಯಲ್ಲಿ ಹೇಳಿದಷ್ಟು ಗಟ್ಟಿಯಾಗಿ ಹೇಳಲಿಲ್ಲ. ಆಗಸ್ಟ್ ೪ ಅವಳಲ್ಲಿ ಖಾಲಿಯಿದೆ. ಅದು ತಪ್ಪಿದರೆ ಮುಂದಿನದು ನವೆಂಬರ್.

"ಜೊತೆಗೆ ಯಾರಿರ್ತಾರೆ?" ಎಂದು ಕೇಳಿದಳು.

"ಸಹಿಯೊಂದೇ ಬೇಕಾದರೆ ಪಕ್ಕದ ಮೇಜಿನವನು ಹಾಕುತ್ತಾನೆ."

"ಸಹಿಗಲ್ಲ. ಹತ್ತು ಗಂಟೆ ಆದ್ಮೇಲೆ ನಾನು ಹೊರಗೆ ಬಂದಾಗ ಯಾರಿಗೆ ಹೇಳಲಿ? ಎರಡು ವಾರ ಇಲ್ಲೇ ಇರ್ತೀರಿ. ನರ್ಸ್ ಎದ್ದು ನಡೀರಿ ಅಂದ್ರೆ ನೀವು ನಡೆಯಲ್ಲ, ನಿಮ್ಮ ಮುಖದಲ್ಲೇ ಬರೆದಿದೆ. ಬೈದು ಎಬ್ಬಿಸೋಕೆ ಮನೆಯವರೇ ಆಗಬೇಕು."

ಈಗ ಬಿಟ್ಟುಹೋದ ಅಂಶಗಳನ್ನು ಕ್ರಮವಾಗಿ ಸೇರಿಸುತ್ತಿದ್ದೇನೆ.

ವರದಿಯ ಹತ್ತನೆಯ ಅಂಶ ಇದ್ದದ್ದು ಹೀಗೆ: "ಶಸ್ತ್ರಕ್ರಿಯೆ ಸೂಚಿಸಲಾಯಿತು. ಕುಟುಂಬದವರು ಯಾರೆಂದು ವಿಚಾರಿಸಲಾಗಿ, ಯಾರೂ ಇಲ್ಲವೆಂದು ತಿಳಿಸಿ, ರೋಗಿ ನಿರಾಕರಿಸಿದರು." ನಿನ್ನ ಊಹೆ ಮುಕ್ಕಾಲು ಪಾಲು ಸರಿ. ನಾನು ಮುಚ್ಚಿಟ್ಟದ್ದು ನಿರಾಕರಿಸಿದ್ದನ್ನಲ್ಲ. ಯಾರೂ ಇಲ್ಲ ಎಂದು ಹೇಳಿದ್ದನ್ನು.

ಎರಡನೆಯದು ಇದಕ್ಕಿಂತ ಹಳೆಯದು. ಇದನ್ನು ಬರೆಯಲು ಏಪ್ರಿಲಿನಿಂದ ಇಲ್ಲಿಯವರೆಗೆ ಹಿಡಿಯಿತು. ಪರಿಶೀಲನೆಯಲ್ಲಿದ್ದದ್ದು ಶಸ್ತ್ರಕ್ರಿಯೆಯಲ್ಲ, ಇದು.

ನಿನ್ನ ತಾಯಿ ಮಲಗಿದ ಮೂರನೆಯ ದಿನ, ನಾನು ಅವಳ ಮಂಚದ ಪಕ್ಕದಲ್ಲೇ ಬರೆಯುವ ಹಲಗೆ ಇಟ್ಟುಕೊಂಡು ನಿನಗೆ ಪತ್ರದ ಕರಡು ಬರೆದೆ. ಬರೆದದ್ದನ್ನು ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿ, "ಅದೆಲ್ಲ ಸರಿ ರೀ. ಚೂಟೀಗೆ ಬಾ ಅಂತ ಬರೀರಿ," ಎಂದಳು. ನಿನ್ನನ್ನು ಆ ಹೆಸರಿನಿಂದ ಕರೆಯುತ್ತಿದ್ದವಳು ಅವಳೊಬ್ಬಳೇ. ನಾನು ಬರೆದೆ. ಎಂಟನೆಯ ಅಂಶ: ನೀನು ಕೂಡಲೇ ಹೊರಟು ಬರಬೇಕೆಂದು ನಿನ್ನ ತಾಯಿಯ ಕೋರಿಕೆ.

ಅಡುಗೆಮನೆಯ ಮೇಜಿನ ಮೇಲೆ ಶುದ್ಧ ಪ್ರತಿ ಮಾಡುವಾಗ ಏಳಕ್ಕೆ ನಿಲ್ಲಿಸಿದೆ. ಕರಡಿನಲ್ಲಿ ಎಂಟನೆಯದರ ಮೇಲೆ ಒಂದು ಗೆರೆ ಎಳೆದೆ. ನನ್ನ ಮಾತು ಮೀರಿ ನೀನು ಈಗಿರುವ ಊರಿನ ಕೆಲಸಕ್ಕೆ ಹೋದಂದಿನಿಂದ, ನಿನ್ನನ್ನು ಬಾ ಎಂದು ನಾನು ಕರೆದಿರಲಿಲ್ಲ. ಕೋರಿಕೆ ಅವಳದು, ಆದರೆ ಅಕ್ಷರ ನನ್ನದು; ಬಗ್ಗುವ ಬೆನ್ನು ನನ್ನದಾಗುತ್ತದೆ ಎನ್ನಿಸಿತು. ನಲವತ್ತು ವರ್ಷ ಪಡಸಾಲೆಯಲ್ಲಿ ಬೇಡುವವರ ಬೆನ್ನುಗಳನ್ನು ನೋಡಿದವನು ನಾನು. ಜ್ವರವೆಂದು ತಿಳಿದರೆ ತಾನಾಗಿ ಬರುತ್ತಾಳೆ, ಕರೆಯದೆ ಬಂದಳೆಂದು ನಾನು ಹೆಮ್ಮೆಪಡಬಹುದು ಎಂದುಕೊಂಡೆ.

ಅವಳು ದಿನಾ ಕೇಳುತ್ತಿದ್ದಳು. "ಬರೆದ್ರಾ?" "ಬರೆದೆ." "ಬಾ ಅಂತ?" "ಹೂಂ." ಆಮೇಲೆ ಮೆಟ್ಟಿಲಿನಲ್ಲಿ ಯಾರ ಹೆಜ್ಜೆ ಕೇಳಿದರೂ ತಲೆ ತಿರುಗಿಸುತ್ತಿದ್ದಳು. ಹಾಲಿನವನಿಗೂ ತಿರುಗಿಸಿದಳು.

ಅವಳು ನಿನ್ನನ್ನು ಕೇಳಿದ್ದಳು, ಮಗಳೇ. ಅವಳು ಕೇಳಿದ್ದು ಅದೊಂದನ್ನೇ.

ಬಾಗಿಲಲ್ಲಿ ನಿಂತು ನಾನು ನಿನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ ನನ್ನ ಹಲಗೆಯ ಕೆಳಗೇ ಇತ್ತು. ನನ್ನ ತಪ್ಪನ್ನು ನಿನ್ನ ಹೆಸರಿಗೆ ಬರೆದು ಆರು ವರ್ಷ ಸುಮ್ಮನಿದ್ದೆ. ಅಂಶ ಬಿಟ್ಟವನು ಜಾಣ ಎಂದು ಮಾರ್ಚಿನಲ್ಲಿ ಬರೆದದ್ದನ್ನು ಹಿಂತೆಗೆದುಕೊಂಡಿದ್ದೇನೆ.

ಇದನ್ನು ಓದಿದ ಮೇಲೆ ನೀನು ಬಾರದಿರುವುದಕ್ಕೆ ಸಕಾರಣವಿದೆ. ಇದನ್ನು ಬರೆಯದೆ ನಿನ್ನನ್ನು ಕರೆಯಬಹುದಿತ್ತು, ನೀನು ಬರುತ್ತಿದ್ದೆ. ಪ್ರತಿಕೂಲ ಅಂಶವನ್ನು ಮುಚ್ಚಿಟ್ಟು ಪಡೆದ ಆದೇಶ ನಿಲ್ಲುವುದಿಲ್ಲ ಎಂಬುದು ಯಾರಿಗೆ ತಿಳಿಯದಿದ್ದರೂ ನನಗೆ ತಿಳಿದಿದೆ.

ಕೋರಿಕೆ:

ಮೇಲ್ಕಂಡ ಕಾರಣಗಳಿಂದ, ಆಗಸ್ಟ್ ೪ರ ಬೆಳಿಗ್ಗೆ ಏಳು ಗಂಟೆಗೆ ಶಸ್ತ್ರಕ್ರಿಯಾ ವಿಭಾಗದ ಹೊರಗಿನ ಬೆಂಚಿನ ಮೇಲೆ ಹಾಜರಿದ್ದು, ಎಂದು ಆರಂಭಿಸಿ ಅರ್ಧ ಹಾಳೆ ಬರೆದೆ. ಹೊಡೆದುಹಾಕಿದೆ. ನಿನ್ನ ತಾಯಿ ಹೇಳಿದ್ದು ಅಷ್ಟು ಉದ್ದವಿರಲಿಲ್ಲ.

ಬಾ.

ಇಂತಿ,
ಅರ್ಜಿದಾರ
(ನಿನ್ನ ಅಪ್ಪ)

ಅಡಕ: ಆರು ವರ್ಷ ಹಿಂದಿನ ಪತ್ರದ ಕರಡು, ಒಂದು ಹಾಳೆ, ಎಂಟನೆಯ ಅಂಶ ಸಹಿತ. ಇದು ಮೂಲಪ್ರತಿ. ನಕಲು ಇಟ್ಟುಕೊಂಡಿಲ್ಲ.